ಅಳಿಯ ಹೌದು, ಮಗಳ ಗಂಡ ಅಲ್ಲ

ಇಸ್ತ್ರಿಯಮ್ಮನ ಬಾಯಿಯೂ ಅವಳ ಇಸ್ತ್ರಿಪೆಟ್ಟಿಗೆಯ ಹಾಗೆಯೇ ಎಂದು ಊರಿನವರು ಹೇಳುತ್ತಿದ್ದರು: ಹೊರಗೆ ನುಣುಪು, ಒಳಗೆ ಕೆಂಡ. ಸ್ಟೇಷನ್ನಿಗೆ ಇಳಿಯುವ ಬೀದಿಯಲ್ಲಿ, ಬೇಕರಿಗೂ ಗಡಿಯಾರ ರಿಪೇರಿಯವನ ಅಂಗಡಿಗೂ ನಡುವೆ ಒತ್ತಿ ತುರುಕಿದಂತಿದ್ದ ಒಂದೂವರೆ ಕೋಣೆಯಲ್ಲಿ ಅವಳ ಸಂಸಾರ. ಮುಂದಿನ ಕೋಣೆಯ ತುಂಬ ಕಂಬಳಿ ಹೊದಿಸಿದ ಉದ್ದನೆಯ ಮೇಜು. ಕಂಬಳಿಯ ಮೇಲೆ ವರ್ಷಗಳ ಮರೆವಿನ ಗುರುತಾಗಿ ದೋಣಿಯಾಕಾರದ ಕಂದು ಕಲೆಗಳು. ಹಿಂದಿನ ಅರ್ಧ ಕೋಣೆಯಲ್ಲಿ ಒಲೆ, ಎರಡು ಹಾಸಿಗೆ, ಮದುವೆಯ ವಯಸ್ಸಿಗೆ ಬಂದ ಒಬ್ಬಳೇ ಮಗಳು. ಬಟ್ಟೆಯ ಗಂಟು ಹೊತ್ತು ಬರುವ ಮಕ್ಕಳನ್ನು ಅವಳು ಹೊಸ್ತಿಲ ಆಚೆಗೇ ನಿಲ್ಲಿಸುತ್ತಿದ್ದಳು. "ಕೈ ಹಿಂದೆ ಕಟ್ಕೋ, ಆಮೇಲೆ ಮಾತಾಡು" ಎನ್ನುವುದು ಮಕ್ಕಳೊಂದಿಗೆ ಅವಳ ಮೊದಲ ಮಾತು. ಕೆಂಡ ತುಂಬಿದ ಪೆಟ್ಟಿಗೆ ಸದಾ ಮೇಜಿನ ಅಂಚಿನಲ್ಲಿರುವ ಮನೆಯಲ್ಲಿ ಒಂದು ಮಗುವನ್ನು ಸುಡದೆ ಬೆಳೆಸಿದವಳಿಗೆ ಆ ಭಯ ಜನ್ಮಕ್ಕಂಟಿದ್ದು, ಬಿಡುವುದಿಲ್ಲ.

ಅವಳು ಬೆಳೆದದ್ದು ಅನಾಥಾಲಯದಲ್ಲಿ. ಕೆಲಸ ಕಲಿತದ್ದೂ ಅಲ್ಲೇ, ಸಾಲು ಮಂಚಗಳ ಹಾಸುಬಟ್ಟೆಗಳ ಮೇಲೆ. ಆಗಾಗ ಯಾರೋ ಗಂಡಹೆಂಡತಿ ಮಗು ಬೇಕೆಂದು ಬರುತ್ತಿದ್ದರು. ಮಕ್ಕಳಿಗೆ ತಲೆ ಬಾಚಿ, ಮೂಗು ಒರೆಸಿ ಗೋಡೆಗೆ ಸಾಲಾಗಿ ನಿಲ್ಲಿಸುತ್ತಿದ್ದರು. ಬಂದವರ ಹೆಜ್ಜೆ ತನ್ನೆದುರು ನಿಧಾನವಾಗುತ್ತದೆಯೇ ಎಂದು ಉಸಿರು ಹಿಡಿದು ಆಲಿಸುವುದು ಅವಳಿಗೆ ಅಕ್ಷರಕ್ಕಿಂತ ಮೊದಲು ಬಂದ ವಿದ್ಯೆ. ಯಾರ ಹೆಜ್ಜೆಯೂ ನಿಧಾನವಾಗಲಿಲ್ಲ. ಕೊನೆಗೆ ಬಂದು ನಿಂತವನು ರೈಲ್ವೆಯ ಕಲ್ಲಿದ್ದಲ ರಾಶಿಯಲ್ಲಿ ದುಡಿಯುತ್ತಿದ್ದ ಒಬ್ಬ ಗಂಡಸು. "ಮದುವೆ ದಿನ ಮುಖ ತೊಳ್ಕೊಂಡು ಬಂದ, ಇದ್ಯಾರೋ ಬೇರೆಯವನು ಅಂತ ಹೆದರಿಬಿಟ್ಟೆ" ಎಂದು ಆ ಕಥೆ ಹೇಳಿ ಅವಳು ನಗುತ್ತಿದ್ದಳು. ಮಗಳು ಅಂಬೆಗಾಲಿಡುವಾಗ ಕಲ್ಲಿದ್ದಲ ಪುಡಿ ಎದೆಯಲ್ಲಿ ಕೂತು ಅವನು ತೀರಿಕೊಂಡ. ಆ ಕಥೆಯನ್ನು ಅವಳು ಹೇಳುತ್ತಿರಲಿಲ್ಲ.

ಯುದ್ಧ ಶುರುವಾದ ಮೇಲೆ ಸೈನಿಕರ ಗಾಡಿಗಳು ಇಂಜಿನ್ನಿಗೆ ನೀರು ತುಂಬಿಸಿಕೊಳ್ಳಲು ಆ ಊರಿನಲ್ಲಿ ನಿಲ್ಲತೊಡಗಿದವು. ಹುಡುಗರು ಕಿಟಕಿಗಳಲ್ಲಿ ಗೊಂಚಲು ಗೊಂಚಲಾಗಿ ಜೋತು ನಿಂತಿರುತ್ತಿದ್ದರು. ಊರ ಹೆಂಗಸರಿಗೆ ಕರುಳು ಚುರ್ ಎಂದಿತು. ಒಬ್ಬಳು ನೀರು ತಂದಳು, ಒಬ್ಬಳು ಚಹಾ ತಂದಳು. ಬೀದಿಯ ಒಂದೇ ಮಹಡಿ ಮನೆಯವಳಾದ ಬೇಕರಿಯ ಯಜಮಾನಿ, ಎಲ್ಲರ ಬಾಯಲ್ಲಿ ಬೇಕರಿಯಮ್ಮ, ಒಂದು ಹಂಡೆ ತುಂಬ ಆಲೂಗಡ್ಡೆ ಈರುಳ್ಳಿಯ ಸಾರು ಹೊರಿಸಿಕೊಂಡು ಬಂದಳು. ಅದಕ್ಕೆ ಕಾಳುಮೆಣಸು ಧಾರಾಳ. ಕುಡಿದವನು ಕೆಮ್ಮಿದರೆ, "ಈಗಲೇ ಕೆಮ್ಮಿಬಿಡಪ್ಪಾ, ಅಲ್ಲಿ ಅಡಗಿ ಕೂತಾಗ ಕೆಮ್ಮಿದ್ರೆ ಕಷ್ಟ" ಎನ್ನುತ್ತಿದ್ದಳು. ಎಲ್ಲರಿಗೂ ಅದೇ ಮಾತು. ಆದರೂ ಪ್ರತಿ ಗಾಡಿಯಲ್ಲೂ ನಗು ಏಳುತ್ತಿತ್ತು. ಅವಳ ಒಬ್ಬನೇ ಮಗ ಮೊದಲ ಗಾಡಿಗಳಲ್ಲೇ ಹೋಗಿದ್ದ.

ಇಸ್ತ್ರಿಯಮ್ಮನಿಗೆ ಕೊಡಲು ಏನೂ ಇರಲಿಲ್ಲ. ಬರಿಗೈಯಲ್ಲಿ ಹೋಗಿ ನಿಂತವಳು ಹುಡುಗರೆಲ್ಲ ಕಂಕುಳು, ಸೊಂಟ, ಕುತ್ತಿಗೆ ಕೆರೆದುಕೊಳ್ಳುವುದನ್ನು ನೋಡಿದಳು. ಕೂರೆ. ತಲೆಯ ಹೇನಿಗೆ ಅಣ್ಣನಂಥದ್ದು, ಬಟ್ಟೆಯ ಹೊಲಿಗೆಯಲ್ಲಿ ಸಂಸಾರ ಹೂಡುವಂಥದ್ದು. ಒಗೆದರೆ ಹೋಗುವುದಿಲ್ಲ, ಬಿಸಿಗೆ ಮಾತ್ರ ಬಗ್ಗುತ್ತದೆ. ಮಾರನೆಯ ಗಾಡಿಗೆ ಅವಳು ಕೆಂಡ ತುಂಬಿದ ಪೆಟ್ಟಿಗೆಯನ್ನೂ ಮಡಿಸಿದ ಕಂಬಳಿಯನ್ನೂ ಹೊತ್ತು ಪ್ಲಾಟ್‌ಫಾರಂನ ಕಲ್ಲುಬೆಂಚಿನ ಪಕ್ಕ ಮೊಣಕಾಲೂರಿದಳು. ಅಂಗಿಯನ್ನು ಒಳಮೈ ಹೊರಗೆ ಮಾಡಿ, ಹೊಲಿಗೆಯ ಗುಂಟ ಪೆಟ್ಟಿಗೆಯ ಮೂತಿಯನ್ನು ನಿಧಾನಕ್ಕೆ ಎಳೆದರೆ ಚಟ್ ಚಟ್ ಎಂದು ಸಿಡಿಯುತ್ತಿದ್ದವು. ಮೊದಮೊದಲು ಅಂಗಿ ಬಿಚ್ಚಲು ಹುಡುಗರು ಹಿಂಜರಿದರು. ಬರಿಮೈಯಲ್ಲಿ, ಅಷ್ಟು ಹೆಂಗಸರೆದುರು, ಮೈಮೇಲೆ ಕಚ್ಚಿದ ಕೆಂಪು ಗಂಧೆಗಳು ಬೇರೆ.

"ಅತ್ತೆ ಮನೇಲಿ ಅಂಗಿ ಬಿಚ್ಚೋಕೆ ಏನಪ್ಪಾ ನಾಚಿಕೆ" ಎಂದಳು ಇಸ್ತ್ರಿಯಮ್ಮ. "ತಗೀರಿ ಅಳಿಯಂದಿರೇ."

ಅಷ್ಟೇ. ಮಾತು ಹುಲ್ಲಿಗೆ ಬಿದ್ದ ಕಿಡಿಯಾಯಿತು. ಅಂದಿನಿಂದ ಸೈನಿಕರ ಗಾಡಿ ಅಳಿಯಂದಿರ ಗಾಡಿಯಾಯಿತು, ಹೆಂಗಸರೆಲ್ಲ ಅತ್ತೆಯರಾದರು. ಸಾರು ಬಡಿಸುತ್ತಾ ಬೇಕರಿಯಮ್ಮನೂ "ವಾಪಸ್ ಬರುವಾಗ ಇಳಿದು ಬಾ ಅಳಿಯಾ, ಮನೆ ನಿಂದೇ" ಎನ್ನತೊಡಗಿದಳು. ಟಿಕೆಟ್ ಕಲೆಕ್ಟರ್ ಒಂದು ದಿನ ಇಸ್ತ್ರಿಯಮ್ಮನನ್ನು ಕೆಣಕಿದ.

"ಏನಮ್ಮಾ, ಇರೋಳು ಒಬ್ಬಳೇ ಮಗಳು. ಇಷ್ಟು ಜನ ಅಳಿಯಂದಿರನ್ನ ಏನ್ಮಾಡ್ತೀರಾ?"

"ಯುದ್ಧ ಮುಗೀಲಿ ಸ್ವಾಮಿ. ಉಳಿದವರನ್ನ ನೋಡಿ ಹೇಳ್ತೀನಿ."

ಹೆಂಗಸರು ನಕ್ಕರು. ಆ ನಗು ಅರ್ಧದಲ್ಲೇ ಎಲ್ಲಿಗೋ ಹೋಯಿತು. ಮಗಳನ್ನು ಮಾತ್ರ ಅವಳು ಒಮ್ಮೆಯೂ ಪ್ಲಾಟ್‌ಫಾರಂಗೆ ಬಿಟ್ಟಿರಲಿಲ್ಲ. ಮಾತು ಬೇರೆ, ಮಗಳು ಬೇರೆ. ನಡುವೆ ಮೂರು ಗೋಡೆ ಮತ್ತು ಒಂದು ಬೀದಿ ಇದ್ದರೆ ಸಾಕು ಎಂದುಕೊಂಡಿದ್ದಳು.

ಕೆಲವು ತಿಂಗಳಿಗೆ ಗಾಡಿಗಳು ಆ ಕಡೆಯಿಂದಲೂ ಬರತೊಡಗಿದವು, ಪರದೆ ಎಳೆದುಕೊಂಡು. ಅವುಗಳಲ್ಲಿ ಗಾಯಾಳುಗಳಿರುತ್ತಿದ್ದರು. ಯಾರೂ ಹೋಗಬೇಡಿ ಎಂದಿರಲಿಲ್ಲ, ಆದರೂ ಆ ಗಾಡಿ ಬಂದಾಗ ಹೆಂಗಸರಿಗೆ ಮನೆಯಲ್ಲಿ ಏನಾದರೊಂದು ಕೆಲಸ ಇರುತ್ತಿತ್ತು. ಹೋಗುವ ಗಾಡಿಗೆ ಊರೆಲ್ಲ, ಬರುವ ಗಾಡಿಗೆ ನೀರಿನ ಕೊಳವೆಯವನೊಬ್ಬ.

ಆ ಬೆಳಿಗ್ಗೆ ಮಂಜು ಕವಿದಿತ್ತು. ಅಳಿಯಂದಿರ ಗಾಡಿ ಬರುವ ಹೊತ್ತಿಗೇ ಸೀಟಿ ಕೇಳಿಸಿದ್ದರಿಂದ ಹೆಂಗಸರೆಲ್ಲ ಓಡಿಬಂದು ನಿಂತಿದ್ದರು. ಮಂಜಿನೊಳಗಿನಿಂದ ಗಾಡಿ ಹೊರಬಂದಾಗಲೇ ಗೊತ್ತಾದದ್ದು, ಅದು ಆ ಕಡೆಯಿಂದ ಬಂದದ್ದೆಂದು. ಔಷಧಿಯ ವಾಸನೆ ಮೊದಲು ಬಂತು, ಅದರ ಹಿಂದೆ ಇನ್ನೊಂದು ವಾಸನೆ. ಒಂದು ಕಿಟಕಿಯ ಪರದೆ ಸರಿಸಿ ಗಾಡಿಯ ಕಂಪೌಂಡರ್ ತಲೆ ಹೊರಹಾಕಿದ. ನಿದ್ದೆಯಿಲ್ಲದ ಕಣ್ಣು, ಗಡ್ಡ.

"ಇದರಲ್ಲಿ ಸಾರು ಕುಡಿಯೋರು ಇಲ್ಲಮ್ಮ. ಹೋಗಿ."

ಹೆಂಗಸರು ಹೊರಡಲು ತಿರುಗಿದರು. ಆಗ ಅವನ ಹಿಂದಿನಿಂದ ಒಂದು ದನಿ, "ಅತ್ತೇ, ಇದೇನಾ ಊರು?" ಎಂದಿತು.

ಕಂಪೌಂಡರ್ ಹಣೆ ಒತ್ತಿಕೊಂಡ. "ಇವನದು ಇದೇ ಗೋಳು. ಊರ ಹೆಸರು ಗೊತ್ತಿಲ್ಲ, ಕಣ್ಣು ಎರಡೂ ಇಲ್ಲ. ಹೆಂಗಸರ ದನಿ ಕೇಳಿದ ಕಡೆಯೆಲ್ಲ ಅತ್ತೆ ಊರು ಬಂತು, ಇಳಿಸಿ ಅಂತಾನೆ. ಹಿಂದಿನ ಸ್ಟೇಷನ್ನಲ್ಲೂ ಕೇಳಿದ, ಅದರ ಹಿಂದಿನದರಲ್ಲೂ ಕೇಳಿದ. ಎಲ್ಲರೂ ತಲೆ ಅಲ್ಲಾಡಿಸಿದ್ರು. ಇನ್ನು ಉಳಿದಿರೋದು ದೊಡ್ಡಾಸ್ಪತ್ರೆ ಒಂದೇ."

ದೊಡ್ಡಾಸ್ಪತ್ರೆಯ ಮಾತು ಊರಿಗೆಲ್ಲ ಗೊತ್ತಿತ್ತು. ಮನೆಯವರು ಇದ್ದವರನ್ನು ಮನೆಯವರು ಬಂದು ಕರೆದೊಯ್ಯುತ್ತಾರೆ. ಯಾರೂ ಇಲ್ಲದವರನ್ನು ಹಿಂದಿನ ಉದ್ದ ಹಜಾರದಲ್ಲಿ ಗೋಡೆಗುಂಟ ಕೂರಿಸಿ ಹಗ್ಗ ಹೊಸೆಯಲು ಹಚ್ಚುತ್ತಾರೆ. ಅಲ್ಲಿಂದ ಹೊರಬಂದವನನ್ನು ಯಾರೂ ಕಂಡಿಲ್ಲ.

ಕಿಟಕಿಯಲ್ಲಿ ಹುಡುಗ ಕಾಣಿಸಿಕೊಂಡ. ಹುಬ್ಬಿನಿಂದ ಮೂಗಿನವರೆಗೆ ಬಟ್ಟೆ ಸುತ್ತಿತ್ತು. ಒಂದು ಕೆನ್ನೆ ಸುಟ್ಟು ಮೇಣದಂತೆ ಹೊಳೆಯುತ್ತಿತ್ತು. ಎಡಗೈಯಲ್ಲಿ ಹೆಬ್ಬೆರಳೂ ಅದರ ಪಕ್ಕದ್ದೂ ಮಾತ್ರ ಉಳಿದಿದ್ದವು.

"ಸಾರು ಕೊಟ್ರಲ್ಲ ಅತ್ತೆ" ಎಂದ ಅವನು, ಯಾರಿಗೆಂದಿಲ್ಲದೆ. "ಖಾರ ನೆತ್ತಿಗೆ ಹತ್ತಿ ಕೆಮ್ಮಿದೆ. ಈಗಲೇ ಕೆಮ್ಮಿಬಿಡು ಅಂದ್ರಿ. ವಾಪಸ್ ಬರುವಾಗ ಇಳಿದು ಬಾ, ಮನೆ ನಿಂದೇ ಅಂದ್ರಿ."

ಹೆಂಗಸರೆಲ್ಲರ ಕಣ್ಣೂ ಬೇಕರಿಯಮ್ಮನ ಕಡೆ ಹೊರಳಿತು. ಅವಳು ಹಂಡೆಯ ಮುಚ್ಚಳ ನೋಡುತ್ತಿದ್ದಳು.

"ಯಾರಮ್ಮ ಇವನ ಅತ್ತೆ? ಬೇಗ ಹೇಳಿ, ನೀರು ತುಂಬ್ತಾ ಬಂತು" ಎಂದ ಕಂಪೌಂಡರ್. "ನೆಂಟರಿದ್ರೆ ಇಳಿಸಬಹುದು. ಬರೀ ಕರುಣೆಗೆ ಇಳಿಸೋ ಹಾಗಿಲ್ಲ."

ಹುಡುಗ ಕಿವಿಯನ್ನು ಮುಂದೆ ಮಾಡಿ ಕತ್ತು ಚಾಚಿದ. ಬಾಯಿ ಸ್ವಲ್ಪ ತೆರೆದಿತ್ತು, ಉಸಿರಾಡುತ್ತಿರಲಿಲ್ಲ. ಇಸ್ತ್ರಿಯಮ್ಮನಿಗೆ ಆ ಕತ್ತು ಚಾಚುವುದು ಗೊತ್ತಿತ್ತು. ತಲೆ ಬಾಚಿಸಿಕೊಂಡು ಗೋಡೆಗೆ ನಿಂತು ಅದನ್ನೇ ಅವಳೂ ಮಾಡಿದ್ದಳು.

"ನಾನೇಪ್ಪ" ಎಂದಳು.

"ಸಾರು ಕೊಟ್ಟವರಾ?"

"ಹೂಂ. ಸಾರು ಕೊಟ್ಟವಳೇ."

ಅವಳು ಜನ್ಮದಲ್ಲಿ ಮನೆಯವರ ಹೊರತು ಇನ್ನೊಬ್ಬರಿಗೆ ಸಾರು ಬಡಿಸಿದವಳಲ್ಲ. ಅವಳ ಸಾರನ್ನು ಮಗಳು ಬಟ್ಟೆ ಹಿಂಡಿದ ನೀರು ಎನ್ನುತ್ತಿದ್ದಳು. ಕಂಪೌಂಡರನೂ ಅವಳೂ ಸೇರಿ ಹುಡುಗನನ್ನು ಕೆಳಗಿಳಿಸಿದರು. ಮೆಟ್ಟಿಲಿನಿಂದ ಕಂಪೌಂಡರ್ ಬಗ್ಗಿ ಅವಳೊಬ್ಬಳಿಗೇ ಕೇಳುವಂತೆ ಹೇಳಿದ: "ದೊಡ್ಡಾಸ್ಪತ್ರೆಯಿಂದ ಸಾಹೇಬರು ಬಂದು ವಿಚಾರಿಸ್ತಾರಮ್ಮ. ಗಾಯಾಳುವಿಗೆ ಕೊಡೋ ಪಡಿತರದ ಆಸೆಗೆ ಸುಳ್ಳು ನೆಂಟರಾಗೋರು ಹೆಚ್ಚಾಗಿದಾರೆ. ಅತ್ತೆ ಅಂದ್ರೆ ಸಾಲದು. ಮಗಳನ್ನ ಕೇಳ್ತಾರೆ."

ಬೀದಿಯುದ್ದಕ್ಕೂ ಅವನ ಮೊಣಕೈ ಹಿಡಿದು ನಡೆಸಿಕೊಂಡು ಬರುವಾಗ ಅವಳು ಕಲ್ಲು ಬಂತು, ಗಟಾರ ಬಂತು, ಮೆಟ್ಟಿಲು ಬಂತು ಎಂದಷ್ಟೇ ಹೇಳಿದಳು. ಹೊಸ್ತಿಲಲ್ಲಿ ಮಗಳು ನಿಂತಿದ್ದಳು, ಕೈಗೆಲ್ಲ ಗಂಜಿ.

"ಯಾರಮ್ಮ ಇವನು?"

ತಾಯಿ ಉತ್ತರ ಹುಡುಕುವುದರೊಳಗೆ ಅವನೇ ಹಲ್ಲು ಬಿಟ್ಟು, "ಅಳಿಯ" ಎಂದ.

ಮಗಳು ತಾಯಿಯ ಸೆರಗು ಹಿಡಿದು ಹಿಂದಿನ ಕೋಣೆಗೆ ಎಳೆದುಕೊಂಡು ಹೋದಳು.

"ಎಂದೋ ತಮಾಷೆಗೆ ಒಂದು ಮಾತು ಅಂದಿದ್ದೆ" ಎಂದಳು ತಾಯಿ. "ಅದು ಮನೆಗೆ ಬಂತು."

"ನಿನ್ನ ಮಾತಿಗೆ ನನ್ನ ಕುತ್ತಿಗೆ ಯಾಕೆ?"

"ನಿನ್ನ ಕುತ್ತಿಗೆಗೆ ಯಾರು ಏನು ಹಾಕಿದ್ರು?"

"ಊರು ಹಾಕುತ್ತೆ. ಬೆಳಗಾಗೋದರೊಳಗೆ ಹಾಕಿರುತ್ತೆ, ನೋಡು ಬೇಕಾದ್ರೆ."

ಅವಳು ಹೇಳಿದ್ದು ಸುಳ್ಳಾಗಲಿಲ್ಲ. ಗಡಿಯಾರ ರಿಪೇರಿಯವನ ಹಿರಿಯ ಮಗ ಕಾಲು ಕುಂಟಾದ್ದರಿಂದ ಯುದ್ಧಕ್ಕೆ ಹೋಗದೆ ಉಳಿದಿದ್ದ. ಅವನಿಗೆ ಈ ಹುಡುಗಿಯನ್ನು ತರುವ ಮಾತು ಎರಡೂ ಮನೆಯಲ್ಲಿ ಅರ್ಧ ನಡೆದಿತ್ತು. ಆ ವಾರ ಅವರ ಮನೆಯಿಂದ ಅಂಗಿಗಳು ಬರಲಿಲ್ಲ. ಮುಂದಿನ ವಾರ ಅಪ್ಪನೂ ಮಗನೂ ಮುದುಡಿದ ಅಂಗಿಯಲ್ಲೇ ಅಂಗಡಿಯಲ್ಲಿ ಕೂತಿದ್ದರು, ಇವಳ ಬಾಗಿಲ ಕಡೆ ನೋಡದೆ. ಟಿಕೆಟ್ ಕಲೆಕ್ಟರ್ ಗಾದೆಯನ್ನೇ ತಲೆಕೆಳಗು ಮಾಡಿದ. "ಅಳಿಯ ಅಲ್ಲ, ಮಗಳ ಗಂಡ ಅಂತಿದ್ವಿ. ಇಸ್ತ್ರಿಯಮ್ಮನ ಮನೇಲಿ ಈಗ ಅಳಿಯ ಹೌದು, ಮಗಳ ಗಂಡ ಅಲ್ಲ." ಊರಿಗೆ ಅದು ಬಾಯಿಪಾಠವಾಯಿತು. ಅಳಿಯಂದಿರ ಗಾಡಿಗೆ ಸಾರು, ಚಹಾ ಹೊರುತ್ತಿದ್ದ ಅದೇ ಹೆಂಗಸರು ಇವಳ ಹೊಸ್ತಿಲಿಗೆ ಬಂದಾಗ ಮೂಗಿಗೆ ಸೆರಗು ಒತ್ತಿಕೊಂಡು ನಿಲ್ಲುತ್ತಿದ್ದರು. ತಪ್ಪೆಂದೂ ಹೇಳುವ ಹಾಗಿಲ್ಲ. ಗಾಯದ ಕೀವು ಹಾಗಿತ್ತು, ಅವರೂ ಮಕ್ಕಳೊಂದಿಗರು.

ಹುಡುಗ ಸಾಧುವೇನೂ ಅಲ್ಲ. ಗಾಯಕ್ಕೆ ಕಟ್ಟಿದ ಬಟ್ಟೆ ಬಿಗಿಯಾಯಿತೆಂದು ಬೈಯುತ್ತಿದ್ದ, ಸಡಿಲವಾಯಿತೆಂದು ಬೈಯುತ್ತಿದ್ದ. ಹೆತ್ತವರ ವಿಷಯ ಕೇಳಿದರೆ, "ನದಿಯ ಆ ದಡದಲ್ಲಿ ನಮ್ಮೂರಿತ್ತು. ಈಗ ನದಿ ಮಾತ್ರ ಇದೆ" ಎಂದು ನಗುತ್ತಿದ್ದ. ಪೆಟ್ಟಿಗೆ ಬಟ್ಟೆಗೆ ತಾಗಿ ಸ್ವಲ್ಪ ಕಮಟು ಎದ್ದರೂ ಅವನು ಮೂಲೆಗೆ ಸರಿದು ಮೊಣಕಾಲು ತಬ್ಬಿಕೊಂಡು ನಡುಗುತ್ತಿದ್ದ. ಯುದ್ಧದಲ್ಲಿ ಅವನು ಅಡಗಿ ಕೂತಿದ್ದ ಕಂದಕಕ್ಕೆ ಬೆಂಕಿ ಬಿದ್ದಿತ್ತಂತೆ. ಇಸ್ತ್ರಿಯಮ್ಮ ಮೇಜನ್ನು ಬೀದಿಗೆ ಎಳೆದಳು. ಚಳಿಯಲ್ಲಿ, ಗಾಳಿಯಲ್ಲಿ ಕೆಂಡ ಬೇಗ ಬೂದಿಯಾಗುತ್ತಿತ್ತು. ಒಂದು ಅಂಗಿಗೆ ಎರಡು ಸಲ ಊದಬೇಕಾಗಿ ಅವಳಿಗೆ ಸಂಜೆಯ ಹೊತ್ತಿಗೆ ತಲೆ ತಿರುಗುತ್ತಿತ್ತು.

ಸಾರಿನ ತಕರಾರು ಮೊದಲ ದಿನವೇ ಶುರುವಾಯಿತು.

"ಅವತ್ತಿನ ಸಾರು ಇದಲ್ಲ ಅತ್ತೆ."

"ಅವತ್ತು ನಿನಗೆ ಹಸಿವಿತ್ತು. ಹಸಿದವನಿಗೆ ಎಲ್ಲಾ ರುಚಿ."

"ಈಗಲೂ ಹಸಿವಿದೆ. ಆದ್ರೂ ಅದಲ್ಲ."

ಕೆಲವು ದಿನಗಳಾದ ಮೇಲೆ ಹಿತ್ತಲ ಬಾಗಿಲು ಮೆಲ್ಲಗೆ ಸದ್ದಾಯಿತು. ಬೇಕರಿಯಮ್ಮ ಮುಚ್ಚಳದ ಪಾತ್ರೆಯೊಂದನ್ನು ಮೆಟ್ಟಿಲ ಮೇಲಿಟ್ಟು ತಿರುಗುತ್ತಿದ್ದಳು. ಇಸ್ತ್ರಿಯಮ್ಮ ಅಲ್ಲೇ ಇದ್ದಳು.

"ಮಹಡಿ ಮೇಲೆ ಒಂದು ಕೋಣೆ ಖಾಲಿ ಬಿದ್ದಿದೆಯಲ್ಲ ಬೇಕರಿಯಮ್ಮ" ಎಂದಳು, ದನಿ ಏರಿಸದೆ.

ಬೇಕರಿಯಮ್ಮ ತಿರುಗಿ ನಿಂತಳು. "ಅದು ನನ್ನ ಮಗನ ಹಾಸಿಗೆ. ಅದರ ಮೇಲೆ ಇನ್ನೊಬ್ಬರು ಮಲಗಿದ ದಿನ ಅವನು ಇನ್ನು ಬರಲ್ಲ ಅಂತ ನಾನೇ ಬರೆದುಕೊಟ್ಟ ಹಾಗೆ. ನೀನೂ ತಾಯಿ, ಹೇಳು, ಆಗುತ್ತಾ ನಿನ್ನ ಕೈಲಿ?"

ಇಸ್ತ್ರಿಯಮ್ಮ ಪಾತ್ರೆ ಒಳಗೆ ತಂದಳು. ಹುಡುಗ ಒಂದು ಗುಟುಕು ಕುಡಿದು, ಕೆಮ್ಮಿ, ಕಣ್ಣಿನ ಬಟ್ಟೆಯ ಕೆಳಗೆ ಬಾಯಿ ಅಗಲಿಸಿ, "ಇದು ಸರಿಯಾಗಿದೆ ಅತ್ತೆ. ಇಷ್ಟು ದಿನ ಎಲ್ಲಿಟ್ಟಿದ್ರಿ ಕೈಗುಣಾನ?" ಎಂದ. ಒಲೆಯ ಬಳಿ ಮಗಳು ಫಕ್ಕನೆ ನಕ್ಕುಬಿಟ್ಟಳು. ಅವನು ಬಂದ ಮೇಲೆ ಆ ಮನೆಯಲ್ಲಿ ಅವಳು ನಕ್ಕದ್ದು ಅದೇ ಮೊದಲು. ನಕ್ಕದ್ದಕ್ಕೆ ಸಿಟ್ಟಾಗಿ ಪಾತ್ರೆಯೊಂದನ್ನು ಕುಕ್ಕಿದಳು.

ಹಾಸುಬಟ್ಟೆಗಳನ್ನು ಮಡಿಸಲು ಇಬ್ಬರು ಬೇಕು. ಎರಡು ತುದಿ ಒಬ್ಬರು, ಎರಡು ತುದಿ ಇನ್ನೊಬ್ಬರು ಹಿಡಿದು, ಜಗ್ಗಿ, ಸುಕ್ಕು ಬಿಡಿಸಿ, ನಡೆದು ಬಂದು ತುದಿ ತುದಿ ಕೂಡಿಸಬೇಕು. ತಾಯಿ ಬೀದಿಯಲ್ಲಿ ಕೆಂಡದ ಮುಂದೆ ನಿಂತ ಮೇಲೆ ಮಗಳಿಗೆ ಜೊತೆಯಿರಲಿಲ್ಲ. ಹೋಟೆಲಿನವರ ಬಟ್ಟೆಗಳು ರಾಶಿ ಬಿದ್ದ ಒಂದು ಮಧ್ಯಾಹ್ನ ಅವಳು ಏನೂ ಹೇಳದೆ ಎರಡು ತುದಿಗಳನ್ನು ತಂದು ಅವನ ಕೈಯಲ್ಲಿ ತುರುಕಿದಳು.

"ಜಗ್ಗು."

ಅವನು ಜಗ್ಗಿದ. ಎಡಗೈಯ ತುದಿ ಜಾರಿತು. ಅವಳು ನಡೆದು ಬಂದು 'ಬಿಡು' ಎಂದಾಗ ಬಿಡುವುದರ ಬದಲು ಅವನು ಅವಳ ಬೆರಳುಗಳನ್ನೇ ಹಿಡಿದಿದ್ದ, ಬಟ್ಟೆಯೆಂದು ತಿಳಿದು.

"ಅದು ನನ್ನ ಕೈ."

"ಇಷ್ಟು ಒರಟಿದೆ, ಹಾಸುಬಟ್ಟೆ ಅಂದ್ಕೊಂಡೆ."

"ಗಂಜಿ ಬಟ್ಟೆಗಿಂತ ಕೈಗೇ ಜಾಸ್ತಿ ಹತ್ತುತ್ತೆ. ನೀನು ಹಾಕಿ ನೋಡು, ಗೊತ್ತಾಗುತ್ತೆ."

ಬೀದಿಯಲ್ಲಿ ಇದು ಕೇಳಿಸಿ ಇಸ್ತ್ರಿಯಮ್ಮ ಪೆಟ್ಟಿಗೆಯನ್ನು ಬಟ್ಟೆಯಿಂದ ಎತ್ತಿ ಹಿಡಿದಳು. ಮಗಳು ಸಿಡುಕುತ್ತಿದ್ದಾಗ ಅವಳಿಗೆ ಇಷ್ಟು ಭಯವಾಗಿರಲಿಲ್ಲ. ಹೆತ್ತವಳ ಕಿವಿ ಎಷ್ಟು ಕೆಟ್ಟದ್ದೆಂದರೆ ಮಗಳ ದನಿಯಲ್ಲಿ ಒಂದು ಎಳೆ ಸಡಿಲವಾದರೂ ಅದಕ್ಕೆ ಕೇಳಿಸುತ್ತದೆ. ಅವತ್ತಿನಿಂದ ಇಬ್ಬರೂ ದಿನಾ ಬಟ್ಟೆ ಮಡಿಸಿದರು. ಮಾತು ಹೆಚ್ಚೇನೂ ಇರಲಿಲ್ಲ. ಜಗ್ಗು, ಬಿಡು, ನೆಲಕ್ಕೆ ತಾಗಿಸ್ಬೇಡ, ಅಷ್ಟೇ.

ಸಾಹೇಬರು ಬರುವ ಸುದ್ದಿ ಬಂದಾಗ ಮಗಳು ತಾಯಿಯೆದುರು ಕೂತಳು. ಹುಡುಗ ಮುಂದಿನ ಕೋಣೆಯಲ್ಲಿ ಮಲಗಿದ್ದ.

"ಹೌದು ಅಂದ್ರೆ ನಾನು ಅವನ ಹೆಂಡತಿ. ನಾಳೆ ಅಲ್ಲ ಅನ್ನೋಕಾಗಲ್ಲ" ಎಂದಳು. "ಅಲ್ಲ ಅಂದ್ರೆ ಅವನನ್ನ ಹಜಾರಕ್ಕೆ ಹಾಕ್ತಾರೆ. ನಿನ್ನ ಒಂದು ತಮಾಷೆಗೆ ನನಗೆ ಉಳಿದಿರೋದು ಇಷ್ಟೇ ಜಾಗ."

"ನಿಂಗೆ ಹೇಗೆ ತೋಚುತ್ತೋ ಹಾಗೆ ಹೇಳು. ನಾನು ಹೀಗೆ ಹೇಳು ಅನ್ನಲ್ಲ."

"ಅದೇ ಅಮ್ಮ, ಅದಕ್ಕೇ ಸಿಟ್ಟು ಬರೋದು. ಹೇಳು ಅಂತಾನೂ ಅನ್ನಲ್ಲ, ಬೇಡ ಅಂತಾನೂ ಅನ್ನಲ್ಲ."

ಸಾಹೇಬರು ಮಧ್ಯಾಹ್ನದ ಗಾಡಿಯಲ್ಲಿ ಅದೇ ಕಂಪೌಂಡರನ ಜೊತೆ ಬಂದರು. ಸಣ್ಣ ಮೈಯ, ಮೆತ್ತಗಿನ ಮನುಷ್ಯ. ನೆಗಡಿಯಾಗಿ ಮೂಗು ಕೆಂಪಾಗಿತ್ತು. ಗಾಯ ನೋಡಿದರು, ಬಟ್ಟೆ ಚೆನ್ನಾಗಿ ಕಟ್ಟಿದ್ದೀರಿ ಎಂದರು. ಕುಳಿತುಕೊಳ್ಳಲು ಕೊಟ್ಟ ಸ್ಟೂಲಿನ ಮೇಲೆ ಕರವಸ್ತ್ರ ಹಿಡಿದು ಕೂತು, ಮಗಳ ಕಡೆ ತಿರುಗಿದರು. ಹುಡುಗ ಗೋಡೆಗೆ ಒರಗಿ ನಿಂತಿದ್ದ, ಕತ್ತು ಚಾಚಿಕೊಂಡು.

"ಇವನು ನಿನ್ನ ತಾಯಿಗೆ ಅಳಿಯ ಅಂತ ತಿಳೀತು. ಅಳಿಯ ಅಂದ್ರೆ ಮಗಳ ಗಂಡ ತಾನೇ? ಹೇಳಮ್ಮ, ಇವನು ನಿನಗೆ ಏನಾಗಬೇಕು?"

ಮಗಳು ಗಂಜಿಯ ಕೈಯನ್ನು ಸೊಂಟಕ್ಕೆ ಒರೆಸಿಕೊಂಡಳು. ಅವನನ್ನು ನೋಡಿದಳು. ತಾಯಿಯನ್ನು ನೋಡಲಿಲ್ಲ. ಬಾಯಿ ತೆರೆದಳು.

"ಏನೂ ಆಗಬೇಕಾಗಿಲ್ಲ ಸಾಹೇಬರೇ."

ಮಾತು ಬಂದದ್ದು ಹಿತ್ತಲ ಬಾಗಿಲಿನಿಂದ. ಬೇಕರಿಯಮ್ಮ ಸಾರಿನ ಪಾತ್ರೆ ಹಿಡಿದು ನಿಂತಿದ್ದಳು. ಮುಖ ಬಿಳಿಚಿತ್ತು, ಒಳ್ಳೆಯ ಕೆಲಸವೊಂದನ್ನು ಕಡೆಗೂ ಮಾಡಿಬಿಡುವ ನಿರ್ಧಾರದ ಮುಖ. "ಆ ಹುಡುಗಿ ಬಾಯಲ್ಲಿ ಹೌದು ಅನ್ನಿಸಬೇಡಿ, ಅದರ ಬಾಳು ಹಾಳಾಗುತ್ತೆ. ಗಡಿಯಾರದ ಅಂಗಡಿಯವರು ಇನ್ನೂ ಕಾಯ್ತಿದಾರೆ, ನಾನೇ ಮಾತಾಡಿದೀನಿ. ಅಳಿಯ ಅನ್ನೋದು ನಾವೆಲ್ಲ ಪ್ಲಾಟ್‌ಫಾರಂ ಮೇಲೆ ತಮಾಷೆಗೆ ಅಂದಿದ್ದು. ಈ ಇಸ್ತ್ರಿಯಮ್ಮ ಸಾರು ಕೊಟ್ಟೇ ಇಲ್ಲ. ಇವನಿಗೆ ಸಾರು ಕೊಟ್ಟವಳು ನಾನು. ಇಲ್ಲಿಗೆ ಬಂದ ಮೇಲೂ ದಿನಾ ನಾನೇ."

ಸಾಹೇಬರು ಒಮ್ಮೆ ಸೀನಿದರು.

"ಹಾಗಾದ್ರೆ ನೀವು ಇಟ್ಕೊಳ್ತೀರಾ ಇವನನ್ನ?" ಎಂದು ಕೇಳಿದರು, ಕೊಂಕಿಲ್ಲದೆ.

ಬೇಕರಿಯಮ್ಮ ಪಾತ್ರೆಯನ್ನು ಎದೆಗೆ ಒತ್ತಿಕೊಂಡಳು. "ನನ್ನ ಮಗ…" ಎಂದಳು.

"ನಾನಿಟ್ಕೊಂಡಿದೀನಿ ಸಾಹೇಬರೇ" ಎಂದಳು ಇಸ್ತ್ರಿಯಮ್ಮ. "ನೆಂಟಸ್ತಿಕೆ ಇಲ್ದಿದ್ರೆ ಬೇಡ. ಬಟ್ಟೆ ಮಡಿಸೋಕೆ ಒಬ್ಬರು ಬೇಕು ಅಂತಾದ್ರೂ ಬಿಟ್ಟು ಹೋಗಿ."

"ನೀವು ಒಳ್ಳೆಯವರು ಅಂತ ಗೊತ್ತಮ್ಮ. ಆದರೆ ನಿಮ್ಮ ಹಾಗೇ ಹೇಳಿ ಕರ್ಕೊಂಡು ಹೋದ ಒಬ್ಬರು ಚಳಿಗಾಲಕ್ಕೆ ಮುಂಚೆ ಕುರುಡನನ್ನ ಸಂತೆಯಲ್ಲಿ ಬಿಟ್ಟು ಬಂದ್ರು. ಸತ್ತ ಮೇಲೆ ಉತ್ತರ ಕೊಟ್ಟವನು ನಾನು. ರಕ್ತ ಸಂಬಂಧ, ಇಲ್ಲ ಮದುವೆ. ಇನ್ನೊಂದು ನನ್ನ ಕೈಲಿಲ್ಲ." ಅವರು ಮತ್ತೆ ಮಗಳ ಕಡೆ ತಿರುಗಿದರು. "ನೀನು ಏನೋ ಹೇಳೋಕೆ ಹೊರಟಿದ್ದೆ."

ಅಷ್ಟರಲ್ಲಿ ಹುಡುಗ ಗೋಡೆ ಬಿಟ್ಟು ಮುಂದೆ ಬಂದಿದ್ದ. "ಬೇಡ ಸಾಹೇಬರೇ. ಅವಳನ್ನ ಕೇಳ್ಬೇಡಿ" ಎಂದ. ದನಿ ಒರಟಾಗಿತ್ತು, ಬೈಯುವಾಗಿನ ಹಾಗೆ. "ನನ್ನ ಬೂಟು ಎಲ್ಲಿದೆ ನೋಡಿ ಕೊಡಿ ಯಾರಾದ್ರೂ."

ಮಗಳು ತೆರೆದಿದ್ದ ಬಾಯಿ ಮುಚ್ಚಿದಳು. ಬೂಟು ಹುಡುಕಿ ತಂದವಳೂ ಅವಳೇ. ತಂದು ಅವನ ಕಾಲ ಬಳಿ ಇಟ್ಟು, ಎಡದ್ದು ಎಡಕ್ಕೆ, ಬಲದ್ದು ಬಲಕ್ಕೆ ಸರಿಮಾಡಿ ಒಳಗೆ ಹೋದಳು.

ಸ್ಟೇಷನ್ನಿನವರೆಗೆ ಇಸ್ತ್ರಿಯಮ್ಮ ಅವನ ಮೊಣಕೈ ಹಿಡಿದು ನಡೆದಳು. ಸಾಹೇಬರೂ ಕಂಪೌಂಡರನೂ ಮುಂದೆ ಹೋಗಿದ್ದರು. ಬೀದಿಯ ಕಿಟಕಿಗಳಲ್ಲಿ ಮುಖಗಳಿದ್ದವು. ಪ್ಲಾಟ್‌ಫಾರಂ ಬಹುತೇಕ ಖಾಲಿ, ಗಾಡಿ ಇನ್ನೂ ಬಂದಿರಲಿಲ್ಲ. ಕಲ್ಲುಬೆಂಚಿನ ಮೇಲೆ ಕೂತ ಮೇಲೆ ಅವನು ಕೇಳಿದ.

"ಹಾಗಾದ್ರೆ ನೀವು ಯಾರು?"

"ಇಸ್ತ್ರಿಯವಳು."

ಅವನು ತಲೆ ಓರೆ ಮಾಡಿದ. "ಅವತ್ತು ಯಾರೋ ಅಂಗಿ ಇಸ್ಕೊಂಡ್ರು. ಹೊಲಿಗೆಗೆ ಬಿಸಿ ಮಾಡಿ ಕೊಟ್ರು. ಅದು ನೀವಾ?"

"ನಾನೇ ಇರ್ಬೇಕು. ಎಷ್ಟೋ ಅಂಗಿ."

"ಮುಖ ನೆನಪಿಲ್ಲ. ಆವಾಗ ಕಣ್ಣಿತ್ತು, ನೋಡ್ಕೋಬಹುದಿತ್ತು."

"ನಂಗೂ ನಿನ್ನ ನೆನಪಿಲ್ಲಪ್ಪ" ಎಂದಳು ಅವಳು. ಸುಳ್ಳು ಹೇಳಿ ತಂದುಕೊಂಡವನಿಗೆ ಕೊನೆಯಲ್ಲಾದರೂ ನಿಜ ಕೊಡಬೇಕೆನಿಸಿತು. "ನಾನು ತಲೆ ಎತ್ತಿ ನೋಡ್ತಿರ್ಲಿಲ್ಲ. ಹೊಲಿಗೆ ನೋಡ್ತಿದ್ದೆ."

ಅವನು ಹೂಂ ಎಂದ. ಗಾಡಿ ಬಂತು. ಕಂಪೌಂಡರ್ ಅವನ ಕೈ ಹಿಡಿದು ಮೇಲಕ್ಕೆ ಎಳೆದುಕೊಂಡ. ಅವನು ಹೋಗಿ ಬರುತ್ತೇನೆ ಎಂದೇನೂ ಹೇಳಲಿಲ್ಲ. ಅವಳನ್ನು ಏನೆಂದು ಕರೆಯಬೇಕೋ ಅವನಿಗೆ ತಿಳಿಯಲಿಲ್ಲವೇನೋ. ಅವನನ್ನು ಏನೆಂದು ಕರೆಯಬೇಕೋ ಅವಳಿಗೂ ತಿಳಿಯಲಿಲ್ಲ.

ಇಸ್ತ್ರಿಯಮ್ಮ ಮನೆಗೆ ಬಂದಾಗ ಮಗಳು ಮುಂದಿನ ಕೋಣೆಯಲ್ಲಿ ಅವನ ಹಾಸಿಗೆಯ ಹುಲ್ಲನ್ನು ಕೊಡವಿ ಹೊರಹಾಕುತ್ತಿದ್ದಳು.

"ಹೋದನಾ?"

"ಹೋದ."

ತಾಯಿ ಬಾಗಿಲಿಗೆ ಆತು ನಿಂತಳು. ಸಾಹೇಬರು ಮೊದಲು ಕೇಳಿದಾಗ ಮಗಳ ಬಾಯಿ ತೆರೆದದ್ದನ್ನು ಅವಳು ನೋಡಿದ್ದಳು. ಆ ಬಾಯಿಗೆ ಬಂದಿದ್ದ ಮಾತು ಹೌದೋ ಅಲ್ಲವೋ ಎಂದು ತಿಳಿದರೆ ಎದೆಯ ಭಾರ ಇಳಿಯುತ್ತದೋ ಇಮ್ಮಡಿಯಾಗುತ್ತದೋ ಅವಳಿಗೆ ಗೊತ್ತಿರಲಿಲ್ಲ.

"ಅಲ್ವೇ, ಬೇಕರಿಯಮ್ಮ ಬರೋಕೆ ಮುಂಚೆ ನೀನು…"

"ಕೇಳ್ಬೇಡಮ್ಮ" ಎಂದಳು ಮಗಳು, ತಿರುಗಿ ನೋಡದೆ.

ಅವಳು ಕೇಳಲಿಲ್ಲ. ಬದುಕಿದ್ದಷ್ಟು ದಿನವೂ ಕೇಳಲಿಲ್ಲ.